ರೈಫಲ್ ಬ್ಯಾರೆಲ್‌ನ ಉದ್ದ: ಸದಸ್ಯರ ಗಮನಕ್ಕೆ

ಅಮೆರಿಕದಲ್ಲಿ ನೆಲೆಸಿ, ಜಿಂಕೆ ಬೇಟೆಯ ಪರವಾನಗಿ ಪಡೆದಿರುವ ಸದಸ್ಯರಲ್ಲಿ ಹಲವರು ರೈಫಲ್ ಕೊಳ್ಳುವ ಮುನ್ನ ಬ್ಯಾರೆಲ್ (ಗುಂಡು ಹಾದು ಹೊರಬರುವ ನಳಿಗೆ) ಎಷ್ಟು ಉದ್ದವಿರಬೇಕೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬ್ಯಾರೆಲ್ ಉದ್ದವಾದಷ್ಟೂ ಗುರಿ ನಿಖರವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಉದ್ದದಿಂದ ಮುಖ್ಯವಾಗಿ ಸಿಗುವುದು ಗುಂಡಿನ ವೇಗ. ಒಂದೇ ದಪ್ಪದ ಎರಡು ಬ್ಯಾರೆಲ್‌ಗಳಲ್ಲಿ ಗಿಡ್ಡದ್ದೇ ಹೆಚ್ಚು ಗಡುಸಾಗಿದ್ದು ಕಡಿಮೆ ಅದುರುತ್ತದೆ. .308 ವಿಂಚೆಸ್ಟರ್ ಎಂಬ ತೋಟಾ ಬಳಸುವ ರೈಫಲ್‌ನಲ್ಲಿ ಬ್ಯಾರೆಲ್ ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ ಸುಮಾರು 20ರಿಂದ 25 ಅಡಿಯಷ್ಟು ವೇಗ ಕುಗ್ಗುತ್ತದೆ. 200 ಗಜದೊಳಗೆ ನಿಂತ ಜಿಂಕೆಯ ವಿಷಯದಲ್ಲಿ ಅದು ಲೆಕ್ಕಕ್ಕೇ ಬಾರದು. ಆದ್ದರಿಂದ ಪೊದೆಗಳ ನಡುವೆ ನುಸುಳಿ ಬೇಟೆಯಾಡುವವರಿಗೆ 20 ಅಥವಾ 22 ಇಂಚು ಧಾರಾಳವಾಯಿತು. ತುದಿಗೆ ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ತೊಡಿಸುವವರು ಇನ್ನೂ ಗಿಡ್ಡದ್ದನ್ನು ಕೊಂಡರೂ ಅಡ್ಡಿಯಿಲ್ಲ, ಆದರೆ ಗಿಡ್ಡ ಬ್ಯಾರೆಲ್ಲಿನ ಅಬ್ಬರ ಬಲು ಜೋರು, ಕಿವಿಗೆ ರಕ್ಷಣೆ ಇರಲೇಬೇಕು.

1000 ಗಜದ ಗುರಿಯ ಮಾತು ಬೇರೆ. ಗುಂಡಿನ ವೇಗ ಶಬ್ದದ ವೇಗದ ಹತ್ತಿರಕ್ಕೆ ಇಳಿದಾಗ ಅದರ ಓಟ ಅಸ್ಥಿರವಾಗಬಹುದಾದ್ದರಿಂದ, 6.5 ಕ್ರೀಡ್‌ಮೂರ್ ತೋಟಾ ಬಳಸುವವರು 24ರಿಂದ 26 ಇಂಚಿನ ದಪ್ಪ ಬ್ಯಾರೆಲ್ ಆರಿಸುವುದು ಒಳ್ಳೆಯದು. ಅದನ್ನು ಹೆಗಲಿಗೇರಿಸಿ ಗುಡ್ಡ ಹತ್ತುವ ಆಸೆ ಮಾತ್ರ ಬೇಡ.

16 ಇಂಚಿಗಿಂತ ಗಿಡ್ಡ ಬ್ಯಾರೆಲ್ಲಿನ ರೈಫಲ್‌ಗೆ ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಪ್ರತ್ಯೇಕ ನೋಂದಣಿ ಬೇಕು. ಅಳೆಯುವಾಗ ರೈಫಲ್ ಖಾಲಿಯಿದೆಯೆಂದು ಎರಡು ಬಾರಿ ನೋಡಿ, ಬೋಲ್ಟ್ (ಬ್ಯಾರೆಲ್ಲಿನ ಹಿಂಬದಿಯನ್ನು ಮುಚ್ಚುವ ಲೋಹದ ಭಾಗ) ಮುಚ್ಚಿ, ಸ್ವಚ್ಛಗೊಳಿಸುವ ಕೋಲನ್ನು ತುದಿಯಿಂದ ಇಳಿಬಿಟ್ಟು, ಅದು ಬೋಲ್ಟಿಗೆ ತಾಗಿದಾಗ ಬ್ಯಾರೆಲ್ಲಿನ ಬಾಯಿಯ ಬಳಿ ಕೋಲಿಗೆ ಗುರುತು ಹಾಕಿ, ಅಲ್ಲಿಯವರೆಗಿನ ಉದ್ದ ಅಳೆಯಬೇಕು; ಬ್ಯಾರೆಲ್ ತುದಿಗೆ ತೊಡಿಸಿದ, ಬಿಚ್ಚಿ ತೆಗೆಯಬಹುದಾದ ಬ್ರೇಕ್ (ಗುಂಡು ಹಾರಿಸಿದಾಗಿನ ಹಿಂದೊದೆತ ತಗ್ಗಿಸುವ ಸಾಧನ) ಈ ಅಳತೆಗೆ ಸೇರುವುದಿಲ್ಲ.