ಅರ್ಧ ಸೆಕೆಂಡಿನ ಋಣ

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದು ಇಂದಿಗೆ ಹನ್ನೆರಡು ದಿನ. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ.

ಮೊದಲ ವಂದನೆ ಟೊರಾಂಟೊ ರಾಪ್ಟರ್ಸ್ ತಂಡಕ್ಕೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ಬದುಕೆಲ್ಲ ಸೀಟಿ ಊದಿದ ಅಪ್ಪನಿಗೂ ಇಲ್ಲಿ ಪರದೇಶದಲ್ಲಿರುವ ನನಗೂ ದಿನದ ಮಾತು ಈ ತಂಡವೇ. 2019ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಚಾಂಪಿಯನ್ ಆದ ಬೆನ್ನಲ್ಲೇ ತಾರಾ ಆಟಗಾರ ಕವಾಯ್ ಲೆನರ್ಡ್ ತಂಡ ಬಿಟ್ಟಾಗ ಪಟ್ಟ ಉಳಿಯದೆಂದು ನಾನೂ ಅಂದುಕೊಂಡೆ. ಅಪ್ಪ ಒಪ್ಪಲಿಲ್ಲ. ತಂಡದ ಹಿರಿಯ ಆಟಗಾರನನ್ನು ನೆನೆದು "ಲೌರಿ ಇದ್ದಾನಲ್ಲ" ಎಂದರು. ಡಿಸೆಂಬರಿನಲ್ಲಿ ಡಲ್ಲಾಸ್ ಎದುರು 30 ಅಂಕ ಹಿಂದೆ ಬಿದ್ದಿದ್ದ ಪಂದ್ಯ 110-107ರ ಗೆಲುವಿಗೆ ತಿರುಗಿತು. ಚಳಿಗಾಲದಲ್ಲಿ ಸತತ 15 ಗೆಲುವು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಎಲ್ಲವೂ ನಿಂತಿತು. ಫ್ಲಾರಿಡಾದ ಪ್ರೇಕ್ಷಕರಿಲ್ಲದ ಅಂಕಣದಲ್ಲಿ ಆಟ ಮತ್ತೆ ಶುರುವಾದ ಮೇಲೆ ಅಪ್ಪ ಹಾಸಿಗೆ ಹಿಡಿದರು.

ಇನ್ನು ಅಪ್ಪನ ಹಳೆಯ ಶಿಷ್ಯರೊಬ್ಬರ ಬಗ್ಗೆ. ಮೈಸೂರಿನಲ್ಲಿ ಆಟೊ ಓಡಿಸುತ್ತಾರೆ. ಹೆಸರು ಬರೆಯಕೂಡದೆಂದು ಮಾತು ತೆಗೆದುಕೊಂಡಿದ್ದಾರೆ. ನನಗೆ ಅವರು ಅಣ್ಣ.

ಸೆಪ್ಟೆಂಬರ್ 3ರ ರಾತ್ರಿ ವೈದ್ಯರು "ಬೆಳಗಾಗಲಿ, ನೋಡೋಣ" ಎಂದಷ್ಟೇ ಹೇಳಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಣ್ಣ ಆಸ್ಪತ್ರೆಯ ಗೇಟಿನ ಎದುರು ಆಟೊ ನಿಲ್ಲಿಸಿ ಅದರಲ್ಲೇ ಕುಳಿತರು. ಹೇಳಲು ಹೊಸದೇನೂ ಇಲ್ಲದಿದ್ದರೂ ಗಂಟೆಗೊಮ್ಮೆ ಫೋನ್ ಮಾಡಿದರು. ಅಲ್ಲಿ ಬೆಳಗಿನ ಜಾವ ನಾಲ್ಕಾದಾಗ ನಾನು ಅತ್ತುಬಿಟ್ಟೆ. ಮಗಳು ಇರಬೇಕಾದ ಜಾಗದಲ್ಲಿ ಅವರಿದ್ದರು. ಆ ಸಂಕಟ ಇವತ್ತಿಗೂ ಹೋಗಿಲ್ಲ, ಹೋಗುವುದೂ ಬೇಡ. ಅವರು ಸಮಾಧಾನದ ಮಾತಾಡಲಿಲ್ಲ. "ಮೇಷ್ಟ್ರ ತಂಡದ ಆಟ ಇದೆಯಲ್ಲಮ್ಮ, ಟಿವಿ ಹಾಕು. ನನಗೆ ಹೇಳುತ್ತಾ ಹೋಗು. ಎದ್ದ ಕೂಡಲೇ ಅವರು ಕೇಳುತ್ತಾರೆ" ಎಂದರು.

ಹೇಳುತ್ತಾ ಹೋದೆ. ನಾಕೌಟ್ ಹಂತದ ಏಳು ಪಂದ್ಯಗಳ ಸರಣಿಯಲ್ಲಿ ಬಾಸ್ಟನ್ ಎದುರು ಅದಾಗಲೇ ಎರಡು ಪಂದ್ಯ ಸೋತಿದ್ದೆವು. ಮೂರನೆಯದರಲ್ಲೂ 103-101ರ ಹಿನ್ನಡೆ, ಉಳಿದದ್ದು ಅರ್ಧ ಸೆಕೆಂಡು. ಪಕ್ಕದ ಗೆರೆಯಾಚೆಯಿಂದ ಕೈಲ್ ಲೌರಿ, ಏಳಡಿ ಮೀರಿದ ಬಾಸ್ಟನ್ನಿನ ಟ್ಯಾಕೊ ಫಾಲ್ ಚಾಚಿದ ಕೈಗಳ ಮೇಲಿಂದ, ಚೆಂಡನ್ನು ಅಂಕಣದ ಆಚೆ ಬದಿಗೆ ದಾಟಿಸಿದ. ನಮ್ಮ ಓಜಿ ಅನುನೊಬಿ ಹಿಡಿದವನೇ ಬುಟ್ಟಿಗೆ ಎಸೆದ. ಮೂರು ಅಂಕ, 104-103. ನನ್ನ ಕೂಗು ಕೇಳಿ ಆಟೊದೊಳಗೆ ಅಣ್ಣನೂ ಕೂಗಿದರು. ಮೈಸೂರಿನಲ್ಲಿ ಬೆಳಕು ಹರಿದಿತ್ತು. ಎಂಟು ಗಂಟೆಗೆ ವಾರ್ಡಿನಿಂದ ಸುದ್ದಿ ಬಂತು: ಅಪ್ಪ ಕಣ್ಣು ಬಿಟ್ಟಿದ್ದಾರೆ.

ಅಣ್ಣಾ, ಈ ಋಣ ಹೇಗೆ ತೀರಿಸಲಿ?

ಔಷಧಿಗೆ ಓಡಾಡಿದ ಚಿಕ್ಕಪ್ಪ, ಅತ್ತಿಗೆ, ವಾರ್ಡಿನ ದಾದಿಯರು, ಇಲ್ಲಿ ನನ್ನ ಬಾಗಿಲ ಮುಂದೆ ಸಾರು ಅನ್ನ ಇಟ್ಟು ಹೋದ ಗೆಳತಿಯರು, ನಿಮಗೆಲ್ಲ ನನ್ನ ನಮಸ್ಕಾರ.

ಪಟ್ಟ ಉಳಿಯಲಿಲ್ಲ. ಆರನೆಯ ಪಂದ್ಯದಲ್ಲಿ 34ರ ಲೌರಿ 53 ನಿಮಿಷ ಆಡಿ 33 ಅಂಕ ಗಳಿಸಿ ತಂಡವನ್ನು ಉಳಿಸಿದ. ಏಳನೆಯದು 92-87ಕ್ಕೆ ಕೈತಪ್ಪಿತು. ಅಪ್ಪನಿಗೆ ಇದನ್ನು ಹೇಳಲು ಒಂದು ವಾರ ಹಿಂಜರಿದೆ. ನಿನ್ನೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೌರಿ ಬರುವ ವರ್ಷವೂ ಇರುತ್ತಾನೆಯೇ?" ಎಂದು ಕೇಳಿದರು.

ಇರುತ್ತಾನೆ ಅಪ್ಪಾ. 2020-21ಕ್ಕೂ ಒಪ್ಪಂದ ಇದೆ.