ಭಾನುವಾರ ಬರುವವರ ಗಮನಕ್ಕೆ
ಎಲ್ಲರಿಗೂ ನಮಸ್ಕಾರ. ಈ ವಾರ ಹುಬ್ಬಳ್ಳಿ ವಿದ್ಯಾನಗರದಲ್ಲಿ ಎರಡು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಬೋರ್ಡ್‌ಗಳನ್ನು ಸೀರಿಯಲ್ ಆಗಿ, ಅಂದ್ರೆ ಡೇಟಾ ಒಂದೊಂದೇ ಬಿಟ್ ಆಗಿ ಹೋಗೋ ಹಾಗೆ, ಜೋಡಿಸೋಣ. ಬೇಕಾಗೋದು ಮೂರೇ ಜಂಪರ್ ವೈರ್. 8ನೇ ಪಿನ್ ಡೇಟಾ ಕಳಿಸುತ್ತೆ, 10ನೇದು ಪಡೆಯುತ್ತೆ. ಒಂದರ 8ನೇ ಪಿನ್ ಇನ್ನೊಂದರ 10ಕ್ಕೆ, ಇದರ 10 ಅದರ 8ಕ್ಕೆ. ಒಬ್ಬರು ಮಾತಾಡಿದ್ದು ಇನ್ನೊಬ್ಬರ ಕಿವಿಗೆ ಬೀಳಬೇಕಲ್ವಾ, ಅದಕ್ಕೇ ಅದಲು ಬದಲು. 6ನೇ ಪಿನ್ ಗ್ರೌಂಡ್ (ಎರಡೂ ಬೋರ್ಡ್‌ಗೆ ಒಂದೇ ಆಗಿರಬೇಕಾದ ಸೊನ್ನೆ ವೋಲ್ಟ್), ಅದು ಮಾತ್ರ 6ಕ್ಕೇ. ಹೋದ ಸಲ ನಾನು ಗ್ರೌಂಡ್ ಮರೆತು ಎರಡು ತಾಸು ಸುಮ್ನೆ ಕೋಡ್ ತಿದ್ದುತ್ತಾ ಕೂತಿದ್ದೆ. ಪರದೆ ತುಂಬ ಬರೀ ಕಸ!

5 ವೋಲ್ಟ್ ಪಿನ್‌ಗಳನ್ನು ಒಂದಕ್ಕೊಂದು ಸೇರಿಸಲೇಬೇಡಿ. ಆರ್ಡುಯಿನೊ ಉನೊ (ಇನ್ನೊಂದು ಬಗೆಯ ಬೋರ್ಡ್) ತರುವವರು ಲೆವೆಲ್ ಕನ್ವರ್ಟರ್ (ಸಿಗ್ನಲ್‌ನ ವೋಲ್ಟ್ ಹೊಂದಿಸೋದು) ಕೂಡ ತನ್ನಿ. ಉನೊ ಕೊಡೋದು 5 ವೋಲ್ಟ್, ಪೈಯ ಸಿಗ್ನಲ್ ಪಿನ್ ತಾಳೋದು 3.3 ಮಾತ್ರ. ವೈರ್ ಚುಚ್ಚುವಾಗ ಪವರ್ ಆಫ್ ಇರಲಿ.

ಗಿರ್ಮಿಟ್, ಮಿರ್ಚಿ ನನ್ನ ಕಡೆಯಿಂದ. ಎಣ್ಣೆ ಕೈಯಲ್ಲಿ ಬೋರ್ಡ್ ಮುಟ್ಟಬೇಡಿ ಮತ್ತೆ.