ಮಳೆಗಾಲದಲ್ಲಿ ಮಾಡೆಲ್ ಕಾರುಗಳ ಪೇಂಟಿಂಗ್ ನಿಲ್ಲಿಸುವ ಕುರಿತು ನಮ್ಮ ಗ್ರಾಹಕರಿಗೆ ಪತ್ರ

ಚಿಕ್ಕಮಗಳೂರು
ಮೇ ತಿಂಗಳ ಮೊದಲ ವಾರ

ಮಾನ್ಯ ಗ್ರಾಹಕರೇ,

ಸ್ಕೇಲ್ ಮಾಡೆಲ್ ಕಾರುಗಳ (ನಿಜವಾದ ಕಾರನ್ನು ಅಳತೆಗೆ ತಕ್ಕಂತೆ ಕುಗ್ಗಿಸಿದ ಪ್ಲಾಸ್ಟಿಕ್ ಪ್ರತಿರೂಪಗಳ) ಬಿಡಿಭಾಗಗಳ ಕಿಟ್, ಬಣ್ಣ ಮತ್ತು ಉಪಕರಣಗಳ ಮಾರಾಟದ ಜೊತೆಗೆ, ತಾವು ಒಪ್ಪಿಸುವ ಕಿಟ್‌ಗಳನ್ನು ತಮ್ಮ ಇಚ್ಛೆಯಂತೆ ಜೋಡಿಸಿ, ಮಾರ್ಪಡಿಸಿ, ಬಣ್ಣ ಹಾಕಿಕೊಡುವ ಕೆಲಸವನ್ನೂ ನಮ್ಮ ಸಂಸ್ಥೆ ನಡೆಸಿಕೊಂಡು ಬಂದಿರುವುದು ತಮಗೆ ತಿಳಿದೇ ಇದೆ. ಈ ವರ್ಷದಿಂದ ಆ ಕೆಲಸದ ಕ್ರಮದಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ಜೂನ್ 1ರಿಂದ ಅಕ್ಟೋಬರ್ 15ರವರೆಗೆ ಯಾವ ಕಾರಿನ ಬಾಡಿಯ ಮೇಲೂ ಥಿನ್ನರ್ ಎಂಬ ದ್ರಾವಕದಲ್ಲಿ ಕರಗಿಸಿದ ಹೊಳಪಿನ ಲ್ಯಾಕರ್ ಬಣ್ಣವನ್ನಾಗಲಿ, ಅದರ ಮೇಲೆ ಹಾಕುವ ಪಾರದರ್ಶಕ ಕ್ಲಿಯರ್ ಕೋಟನ್ನಾಗಲಿ ನಾವು ಸ್ಪ್ರೇ ಮಾಡುವುದಿಲ್ಲ. ಉಳಿದ ತಿಂಗಳುಗಳಲ್ಲಿಯೂ ಕೊನೆಯ ಕೋಟ್ ಬಿದ್ದ ದಿನದಿಂದ ನಾಲ್ಕು ವಾರ ಕಳೆಯುವ ಮೊದಲು ಯಾವ ಬಾಡಿಯನ್ನೂ ಪಾಲಿಶ್ ಮಾಡುವುದಿಲ್ಲ, ಗ್ರಾಹಕರ ಕೈಗೆ ಕೊಡುವುದೂ ಇಲ್ಲ. ದೀಪಾವಳಿಗೆಂದು ಮಾಡೆಲ್ ಮಾಡಿಸುವವರಿಗೆ ಇದರಿಂದ ತೊಂದರೆಯಾಗುವುದು ನಮಗೆ ಗೊತ್ತು. ಆದ್ದರಿಂದಲೇ ಕಾರಣವನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಕಾರಣ ನಮ್ಮೂರಿನ ಗಾಳಿಯಲ್ಲಿರುವ ತೇವ. ಮೃಗಶಿರ ಮಳೆ ಹಿಡಿದಾಗಿನಿಂದ ಹಸ್ತ ಮಳೆ ಕಳೆಯುವವರೆಗೆ ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಬೀರುವಿನೊಳಗಿನ ಪುಸ್ತಕಗಳಿಗೂ ಬೂಷ್ಟು ಹಿಡಿಯುತ್ತದೆ. ಮಾಡೆಲ್ ಕಾರಿನ ಬಣ್ಣಕ್ಕೆ ಈ ತೇವ ಮಾಡುವ ಹಾನಿ ಇನ್ನೂ ಸೂಕ್ಷ್ಮವಾದದ್ದು. ಲ್ಯಾಕರ್ ಬಣ್ಣದಲ್ಲಿರುವ ಥಿನ್ನರ್ ಬಹಳ ಬೇಗ ಆವಿಯಾಗುತ್ತದೆ, ಹಾಗೆ ಆವಿಯಾಗುವಾಗ ತಾನು ಕುಳಿತ ಮೇಲ್ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಸ್ಪ್ರೇ ಡಬ್ಬಿಯಾದರೆ ಒಳಗಿನ ಒತ್ತಡದ ಅನಿಲ ಹೊರಬಂದು ಹಿಗ್ಗುವುದರಿಂದ ಬಣ್ಣ ಇನ್ನಷ್ಟು ತಣ್ಣಗಾಗಿ ಬಂದು ಬೀಳುತ್ತದೆ. ಹೀಗೆ ತಣ್ಣಗಾದ ಬಣ್ಣದ ಪದರದ ಮೇಲೆ, ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವಂತೆ, ಗಾಳಿಯ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೂರುತ್ತದೆ. ಪದರ ಒಣಗುವಾಗ ಆ ಹನಿಗಳು ಮಾಡಿದ ಸೂಕ್ಷ್ಮ ರಂಧ್ರಗಳು ಹಾಗೆಯೇ ಉಳಿದು ಬೆಳಕನ್ನು ಚದುರಿಸುತ್ತವೆ. ಕಡುನೀಲಿ ಬಾನೆಟ್‌ನ ಮೇಲೆ ಹಾಲಿನ ತೆಳು ಪೊರೆ ಕಟ್ಟಿದ ಹಾಗೆ ಬಿಳಿಚು ಕಾಣಿಸಿಕೊಳ್ಳುವುದು ಹೀಗೆ. ಕೆಲಸ ಬಲ್ಲವರು ಇದನ್ನು ಬ್ಲಶಿಂಗ್ ಎನ್ನುತ್ತಾರೆ.

ಅಂಕಿಗಳಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೋಣೆಯ ಉಷ್ಣಾಂಶ 22 ಡಿಗ್ರಿ ಸೆಲ್ಸಿಯಸ್ ಮತ್ತು ಗಾಳಿಯ ಆರ್ದ್ರತೆ ಶೇ 50 ಇದ್ದಾಗ, ನೀರು ಹನಿಗಟ್ಟಬೇಕಾದರೆ ಬಾಡಿಯ ಮೇಲ್ಮೈ ಸುಮಾರು 11 ಡಿಗ್ರಿಗೆ ಇಳಿಯಬೇಕು. ಏರ್‌ಬ್ರಷ್‌ನಿಂದ ತೆಳುವಾಗಿ ಬಣ್ಣ ಹಾಕುವಾಗ ಅಷ್ಟೊಂದು ಇಳಿಯುವುದಿಲ್ಲ. ಅದೇ 22 ಡಿಗ್ರಿಯಲ್ಲಿ ಆರ್ದ್ರತೆ ಶೇ 90 ಆದರೆ ಸುಮಾರು 20 ಡಿಗ್ರಿಗೇ ಹನಿಗಟ್ಟಲು ಶುರುವಾಗುತ್ತದೆ, ಅಂದರೆ ಎರಡು ಡಿಗ್ರಿಯಷ್ಟು ತಣ್ಣಗಾದರೆ ಸಾಕು. ಆರಿದ್ರಾ, ಪುಷ್ಯ ಮಳೆಗಳ ದಿನಗಳಲ್ಲಿ ನಮ್ಮ ಪೇಂಟಿಂಗ್ ಕೋಣೆಯ ಮಾಪಕ ಹಗಲು ಹೊತ್ತಿನಲ್ಲಿಯೂ ಈ ಮಟ್ಟದಿಂದ ಕೆಳಗಿಳಿಯುವುದು ಅಪರೂಪ. ಅಂಥ ಗಾಳಿಯಲ್ಲಿ ಎಷ್ಟೇ ನುರಿತ ಕೈಯಾದರೂ ಹೊಳಪಿನ ಬಣ್ಣದ ಬಗ್ಗೆ ಖಾತರಿ ಕೊಡಲಾಗದು.

ಬಿಳಿಚು ಕಣ್ಣಿಗೆ ಕಾಣುವ ತೊಂದರೆಯಾದ್ದರಿಂದ ಅದನ್ನು ಗುರುತಿಸುವುದಾದರೂ ಸುಲಭ. ಪದರದೊಳಗೆ ಸಿಕ್ಕಿಬೀಳುವ ಥಿನ್ನರ್ ಅದಕ್ಕಿಂತ ಕೆಟ್ಟದ್ದು. ಮೇಲ್ಭಾಗ ಒಣಗಿದಂತೆ ಕಂಡರೂ ಒಳಗೆ ಬಣ್ಣ ಮೆತ್ತಗೇ ಉಳಿದಿದ್ದರೆ, ಷೋಕೇಸಿನಲ್ಲಿಟ್ಟ ಕೆಲವು ವಾರಗಳ ಮೇಲೆ ಅದು ನಿಧಾನವಾಗಿ ಕುಗ್ಗಿ, ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳದ ಲೇಪ) ಹಂತದಲ್ಲಿ ಎಮರಿ ಪೇಪರ್ ಎಳೆದ ಗೆರೆಗಳು ಬಾಗಿಲ ಮೇಲೆಲ್ಲ ಎದ್ದು ಕಾಣತೊಡಗುತ್ತವೆ. ಎತ್ತಿ ಹಿಡಿದವರ ಹೆಬ್ಬೆರಳಿನ ಗುರುತು ರೂಫಿನ ಮೇಲೆ ಅಚ್ಚೊತ್ತಿದ ಹಾಗೆ ಉಳಿದುಬಿಡುತ್ತದೆ. ಬಣ್ಣ ಪೂರ್ತಿ ಒಣಗಿದೆಯೇ ಎಂದು ನೋಡಲು ನಾವು ಅನುಸರಿಸುವ ಪರೀಕ್ಷೆ ಬಹಳ ಸರಳ. ಬಾಡಿಯನ್ನು ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಮುಚ್ಚಳ ತೆಗೆದ ಕೂಡಲೇ ಮೂಗಿನ ಹತ್ತಿರ ಹಿಡಿಯುತ್ತೇವೆ. ಥಿನ್ನರ್ ವಾಸನೆ ಸ್ವಲ್ಪ ಬಂದರೂ ಆ ಬಾಡಿ ಇನ್ನೂ ಸಿದ್ಧವಾಗಿಲ್ಲವೆಂದೇ ಅರ್ಥ. ನಾಲ್ಕು ವಾರ ಎಂಬ ಗಡುವು ಈ ಪರೀಕ್ಷೆಯ ಅನುಭವದಿಂದ ಬಂದದ್ದು. ವಾಸನೆ ಉಳಿದಿದ್ದರೆ ನಾಲ್ಕು ವಾರದ ಮೇಲೆಯೂ ಕಾಯುತ್ತೇವೆ.

ಒಂದು ದೋಷ ಇನ್ನೊಂದಕ್ಕೆ ದಾರಿಯಾಗುವುದೂ ಉಂಟು. ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ, ಅಕ್ಷರ ಮತ್ತು ಚಿತ್ರಗಳನ್ನು ಅಚ್ಚು ಹಾಕಿದ ಡೆಕಾಲ್‌ಗಳಿಗೆ ನುಣುಪಾದ ಹೊಳಪಿನ ಮೇಲ್ಮೈ ಬೇಕು, ಬಿಳಿಚಿಕೊಂಡ ಮೇಲ್ಮೈ ಒರಟಾಗಿರುವುದರಿಂದ ಡೆಕಾಲ್‌ನ ಅಡಿಯಲ್ಲಿ ಗಾಳಿ ಉಳಿದು, ಅಕ್ಷರಗಳ ಸುತ್ತಲಿನ ಪಾರದರ್ಶಕ ಹಾಳೆ ಬೆಳ್ಳಿಯ ಹಾಗೆ ಹೊಳೆಯತೊಡಗುತ್ತದೆ. ನಮ್ಮ ಗ್ರಾಹಕರಲ್ಲಿ ಅನೇಕರು ಇಷ್ಟಪಡುವುದು ರ‍್ಯಾಲಿ ಕಾರುಗಳನ್ನೇ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಭಾರತದ ಸುತ್ತು ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣಿನ ಹಾದಿಯಲ್ಲಿ ನಡೆದಿರುವಾಗ, ಆ ಚಾಂಪಿಯನ್‌ಶಿಪ್ಪನ್ನು 2013, 2016 ಮತ್ತು 2017ರಲ್ಲಿ ಭಾರತದ ಚಾಲಕ ಗೌರವ್ ಗಿಲ್ ಸ್ಕೋಡಾ ಫಾಬಿಯಾ ಓಡಿಸಿ ಗೆದ್ದಿರುವಾಗ, ಇದು ಸಹಜವೇ. ಜಪಾನಿನ ಕಿಟ್ ತಯಾರಕರಾದ ತಮಿಯಾದ ಸುಬಾರು ಇಂಪ್ರೆಜಾ, ಮಿತ್ಸುಬಿಷಿ ಲ್ಯಾನ್ಸರ್, ಬೆಲ್‌ಕಿಟ್ಸ್‌ನ ಫಾಬಿಯಾ ಮುಂತಾದ 1/24 ಅಳತೆಯ (ನಿಜವಾದ ಕಾರಿನ ಇಪ್ಪತ್ನಾಲ್ಕನೇ ಒಂದು ಪಾಲಿನ) ಕಿಟ್‌ಗಳಲ್ಲಿ ಪ್ರಾಯೋಜಕರ ಹೆಸರು, ಬಾಗಿಲ ಮೇಲಿನ ಸಂಖ್ಯೆಗಳೆಂದು ಹಾಳೆತುಂಬ ಡೆಕಾಲ್ ಇರುತ್ತದೆ. ಇಂಥ ಕಾರಿನಲ್ಲಿ ಬಣ್ಣ ಕೆಟ್ಟರೆ ಡೆಕಾಲ್ ಹಾಳೆಯೂ ಹೋದಂತೆ, ಮತ್ತೊಂದು ಹಾಳೆಯನ್ನು ಹೊರಗಿನಿಂದ ತರಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ತರಿಸಿದವರೇ ಬಲ್ಲರು.

ಈ ವಿಷಯವನ್ನು ಅಂಗಡಿಗೆ ಬಂದ ಕೆಲವರಲ್ಲಿ ಪ್ರಸ್ತಾಪಿಸಿದಾಗ ಅವರು ಕೇಳಿದ ಪ್ರಶ್ನೆಗಳು ನ್ಯಾಯವಾದವು. ತೇವ ಹೀರುವ ಯಂತ್ರ ಇಟ್ಟುಕೊಳ್ಳಬಾರದೇ ಎಂಬುದು ಮೊದಲ ಪ್ರಶ್ನೆ. ಮುಚ್ಚಿದ ಕೋಣೆಯಲ್ಲಿ ಅದು ಕೆಲಸ ಮಾಡುತ್ತದೆ, ಆದರೆ ಪೇಂಟಿಂಗ್ ಕೋಣೆಯನ್ನು ಮುಚ್ಚುವಂತಿಲ್ಲ. ಥಿನ್ನರ್ ಹೊಗೆ ಕೆಲಸಗಾರರ ಎದೆಗೆ ಹೋಗದಂತೆ ಎಕ್ಸಾಸ್ಟ್ ಫ್ಯಾನ್ ಸದಾ ಓಡುತ್ತಿರಬೇಕು, ಫ್ಯಾನ್ ಹೊರಗೆ ತಳ್ಳಿದಷ್ಟೇ ಗಾಳಿ ಹೊರಗಿನಿಂದ ಒಳಗೆ ಬರಲೇಬೇಕು, ಆ ಗಾಳಿ ಮಳೆಯ ಗಾಳಿಯೇ. ರೂಮ್ ಹೀಟರ್ ಇಟ್ಟರಾಗದೇ ಎಂದರೆ, ಥಿನ್ನರ್ ಆವಿ ಬೆಂಕಿ ಹಿಡಿಯುವಂಥದ್ದು, ಕೆಂಪಗೆ ಕಾಯುವ ಸುರುಳಿಯ ಪಕ್ಕದಲ್ಲಿ ಯಾರನ್ನೂ ಸ್ಪ್ರೇ ಮಾಡಲು ಕೂರಿಸುವುದಿಲ್ಲ. ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದರೆ ಬಿಳಿಚು ಕಡಿಮೆಯಾಗುವುದು ನಿಜ. ಅದನ್ನು ನಾವು ಬಳಸಿಯೂ ಇದ್ದೇವೆ. ಆದರೆ ಹಸಿಯಾಗಿ ಹೆಚ್ಚು ಹೊತ್ತು ಉಳಿದ ಬಣ್ಣಕ್ಕೆ ಧೂಳು ಕೂರುತ್ತದೆ, ಅಂಚುಗಳಿಂದ ಅದು ಜಾರಿ ಬಾಗಿಲಿನ ಸಂದುಗಳಲ್ಲಿ ತುಂಬಿಕೊಳ್ಳುತ್ತದೆ. 1/24 ಅಳತೆಯಲ್ಲಿ 0.1 ಮಿಲಿಮೀಟರ್ ದಪ್ಪದ ಬಣ್ಣವೆಂದರೆ ನಿಜವಾದ ಕಾರಿನ ಮೇಲೆ 2.4 ಮಿಲಿಮೀಟರ್ ದಪ್ಪ ಬಳಿದ ಲೆಕ್ಕ. ಬಾಗಿಲಿನ ಸಂದು ಮುಚ್ಚಿಹೋದ ಮಾಡೆಲ್ ಎಷ್ಟು ಹೊಳೆದರೂ ಆಟಿಕೆಯಾಗಿಯೇ ಕಾಣುತ್ತದೆ.

ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣಕ್ಕೆ ಪೂರ್ತಿಯಾಗಿ ಬದಲಾಯಿಸಿಕೊಳ್ಳಿ ಎಂದವರೂ ಇದ್ದಾರೆ. ಸೀಟು, ಡ್ಯಾಶ್‌ಬೋರ್ಡ್, ಎಂಜಿನ್, ಚಾಸಿಗಳಿಗೆ ಅದು ಬಹಳ ಒಳ್ಳೆಯ ಬಣ್ಣ, ಮನೆಯಲ್ಲಿ ಮಕ್ಕಳ ಜೊತೆ ಕೂತು ಮಾಡುವವರಿಗೆ ನಾವು ಮೊದಲು ಹೇಳುವುದೂ ಅದನ್ನೇ. ಬಾಡಿಯ ವಿಷಯ ಬೇರೆ. ಕನ್ನಡಿಯಂಥ ಹೊಳಪು ಬರಬೇಕಾದರೆ ಕ್ಲಿಯರ್ ಕೋಟನ್ನು 2000 ಗ್ರಿಟ್ ಎಂಬ ನಯವಾದ ಎಮರಿ ಕಾಗದದಿಂದ ಆರಂಭಿಸಿ ಇನ್ನೂ ನಯವಾದ ಕಾಗದಗಳಿಂದ ನೀರು ಹಾಕಿ ಉಜ್ಜಿ, ಆಮೇಲೆ ಪಾಲಿಶ್ ಕಾಂಪೌಂಡ್ ಹಚ್ಚಿ ತಿಕ್ಕಬೇಕು, ಈ ಉಜ್ಜಾಟವನ್ನು ತಡೆಯುವ ಗಟ್ಟಿತನ ಲ್ಯಾಕರ್‌ನಲ್ಲಿರುವಷ್ಟು ನೀರಿನ ಬಣ್ಣದಲ್ಲಿ ನಮಗೆ ಸಿಕ್ಕಿಲ್ಲ. ಅಲ್ಲದೆ ತೇವ ತುಂಬಿದ ಗಾಳಿಯಲ್ಲಿ ನೀರಿನ ಬಣ್ಣ ಆರುವುದೂ ತಡವೇ.

ಹಾಗೆಂದು ಮಳೆಗಾಲದಲ್ಲಿ ನಮ್ಮ ಕೆಲಸದ ಮೇಜು ಖಾಲಿಯಾಗಿರುವುದಿಲ್ಲ. ಮಾಡೆಲ್ ಚೆನ್ನಾಗಿ ಬರುವುದು ಬಣ್ಣಕ್ಕಿಂತ ಮುಂಚಿನ ತಯಾರಿಯಿಂದ, ಅದಕ್ಕೆ ಬಿಡುವಾಗಿ ಸಿಗುವ ನಾಲ್ಕೂವರೆ ತಿಂಗಳು ವರವೆಂದೇ ನಮ್ಮ ಅಭಿಪ್ರಾಯ. ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಬಾಡಿಯ ಉದ್ದಕ್ಕೂ ಕೂದಲೆಳೆಯಂಥ ಒಂದು ಏಣು ಉಳಿದಿರುತ್ತದೆ. ಮುಂದಿನ ಮಡ್‌ಗಾರ್ಡಿನ ಮೇಲಿಂದ ಹೊರಟು, ಕಿಟಕಿಯ ಕಂಬಗಳನ್ನು ಹತ್ತಿ ಹಿಂದಿನವರೆಗೆ ಹೋಗುವ ಈ ಏಣನ್ನು ಬೆರಳಿನಿಂದ ಸವರಿದರೆ ತಿಳಿಯುತ್ತದೆ, ಬಣ್ಣ ಬಿದ್ದ ಮೇಲಂತೂ ಎದ್ದು ಕಾಣುತ್ತದೆ. ಅದನ್ನು ಬ್ಲೇಡಿನ ಅಂಚಿನಿಂದ ಹೆರೆದು ನಯಗೊಳಿಸುವುದು, ಬಾಗಿಲಿನ ಸಂದುಗಳನ್ನು ಇನ್ನಷ್ಟು ಆಳ ಮಾಡುವುದು, ಅಚ್ಚಿನ ಎಣ್ಣೆ ಹೋಗುವಂತೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆಯುವುದು, ಇವೆಲ್ಲ ಈ ತಿಂಗಳುಗಳಲ್ಲಿ ನಡೆಯುತ್ತವೆ. ಮಾರ್ಪಾಡಿನ ಕೆಲಸಗಳೂ ಅಷ್ಟೇ. ಸಸ್ಪೆನ್ಷನ್ ತಗ್ಗಿಸುವುದು, ಚಕ್ರ ಬದಲಿಸುವುದು, ಅಚ್ಚಿನಲ್ಲಿ ಮುಚ್ಚಿಕೊಂಡೇ ಬಂದ ಬಾಗಿಲನ್ನು ಕತ್ತರಿಸಿ ತೆರೆಯುವಂತೆ ಮಾಡುವುದು, ಪ್ಲಾಸ್ಟಿಕ್ ಕಡ್ಡಿಗಳಿಂದ ರೋಲ್ ಕೇಜ್ (ಕಾರು ಉರುಳಿದರೆ ಒಳಗಿನವರನ್ನು ಕಾಯುವ ಕಂಬಿಗಳ ಪಂಜರ) ಕಟ್ಟುವುದು, ಎಎಂಟಿಯಂಥ ಅಮೆರಿಕದ ಕಂಪನಿಗಳ 1/25 ಕಿಟ್‌ಗಳಲ್ಲಿ ಒಂದೇ ಪೆಟ್ಟಿಗೆಯೊಳಗೆ ಬರುವ ಸ್ಟಾಕ್ (ಕಾರಿನ ಮೂಲ ರೂಪದ), ಕಸ್ಟಮ್ ಮತ್ತು ರೇಸಿಂಗ್ ಭಾಗಗಳಿಂದ ತಮಗೆ ಬೇಕಾದದ್ದನ್ನು ಆರಿಸಿ ಹೊಂದಿಸುವುದು, ಇವಕ್ಕೆ ಯಾವ ತಿಂಗಳೂ ಅಡ್ಡಿಯಿಲ್ಲ.

ಹೊಳಪು ಬೇಡದ ಮಾಡೆಲ್‌ಗಳಿಗೆ ಬಣ್ಣದ ಕೆಲಸವೂ ನಡೆಯುತ್ತದೆ. ತೋಟದ ಜೀಪನ್ನು ನೆನಪಿಸುವಂತೆ ತಮಿಯಾದ 1/35 ವಿಲ್ಲಿಸ್ ಜೀಪ್ ಮಾಡಿಸುವವರು ನಿಶ್ಚಿಂತೆಯಿಂದ ಮಳೆಗಾಲದಲ್ಲಿಯೇ ಕೊಡಬಹುದು. ಅದಕ್ಕೆ ಬೇಕಾದದ್ದು ಮಂಕು ಬಣ್ಣ, ಕುಂಚದಿಂದ ಹಚ್ಚುವ ನೀರಿನ ಬಣ್ಣವೇ ಸಾಕು, ಆರಲು ತಡವಾದರೂ ಕೆಡುವುದಿಲ್ಲ. ಚಕ್ರದ ಮೇಲಿನ ಕೆಸರಿಗೆ ತೋಟದ ಮಣ್ಣನ್ನೇ ತಂದುಕೊಡುವವರಿದ್ದಾರೆ. ಅವರ ಪ್ರೀತಿ ನಮಗೆ ಅರ್ಥವಾಗುತ್ತದೆ. ಆದರೆ ಅರ್ಧ ಮಿಲಿಮೀಟರಿನ ಒಂದು ಕಣ ಆ ಅಳತೆಯಲ್ಲಿ ಎರಡು ಸೆಂಟಿಮೀಟರ್ ಸಮೀಪದ ಜಲ್ಲಿಯಂತೆ ಕಾಣುವುದರಿಂದ, ಮಣ್ಣನ್ನು ಚೆನ್ನಾಗಿ ಹುರಿದು, ತೆಳು ಬಟ್ಟೆಯಲ್ಲಿ ಸೋಸಿ, ಪಿಗ್ಮೆಂಟ್ ಪುಡಿಯ ಜೊತೆ ಸ್ವಲ್ಪವೇ ಬೆರೆಸಿ ಬಳಸುತ್ತೇವೆ.

ಇನ್ನು ವ್ಯವಹಾರದ ಮಾತು. ಮೇ 15ರೊಳಗೆ ಕಿಟ್ ಒಪ್ಪಿಸಿದವರ ಬಾಡಿಗಳಿಗೆ ಈ ತಿಂಗಳ ಅಂತ್ಯದೊಳಗೆ ಬಣ್ಣ ಮುಗಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಗಳಲ್ಲಿ ಇಟ್ಟು, ವಾಸನೆಯ ಪರೀಕ್ಷೆ ಮುಗಿದ ಮೇಲೆ ಪಾಲಿಶ್ ಮಾಡಿ ಕೊಡುತ್ತೇವೆ. ಆಮೇಲೆ ಬರುವ ಕಿಟ್‌ಗಳ ಜೋಡಣೆ, ಮಾರ್ಪಾಡು, ಒಳಾಂಗಣಗಳನ್ನು ಮಳೆಗಾಲದಲ್ಲಿ ಮಾಡಿ, ಬಾಡಿಯ ಬಣ್ಣವನ್ನು ಅಕ್ಟೋಬರ್ 15ರ ನಂತರ ಬಂದ ಸರದಿಯಂತೆ ಹಾಕಿ, ನವೆಂಬರ್ ಕೊನೆಯಿಂದ ಹಂಚಲು ಆರಂಭಿಸುತ್ತೇವೆ. ದರದಲ್ಲಿ ಬದಲಾವಣೆಯಿಲ್ಲ. ಮುಂಗಡ ಕೊಟ್ಟು ಇಷ್ಟು ಕಾಯಲು ಮನಸ್ಸಿಲ್ಲದವರು ತಮ್ಮ ಕಿಟ್ ಮತ್ತು ಪೂರ್ತಿ ಮುಂಗಡವನ್ನು ಮೇ ತಿಂಗಳೊಳಗೆ ವಾಪಸು ಪಡೆಯಬಹುದು. ನಮ್ಮಲ್ಲಿ ಸ್ಪ್ರೇ ಕೆಲಸ ಮಾಡುವವರಿಗೆ ಈ ತಿಂಗಳುಗಳಲ್ಲಿ ತಯಾರಿಯ ಕೆಲಸ ಕೊಟ್ಟು ಪೂರ್ತಿ ಸಂಬಳ ಕೊಡುತ್ತೇವೆ, ಅವರ ಬಗ್ಗೆ ವಿಚಾರಿಸಿದವರಿಗೆ ಈ ಮಾತು.

ಮನೆಯಲ್ಲಿಯೇ ಬಣ್ಣ ಹಾಕುವವರಿಗೆ ಅಂಗಡಿಯಲ್ಲಿ ಬಣ್ಣ ವರ್ಷವಿಡೀ ಸಿಗುತ್ತದೆ. ಸ್ಪ್ರೇ ಡಬ್ಬಿಗಳು ಬೆಂಕಿ ಹಿಡಿಯುವ ವಸ್ತುಗಳಾದ್ದರಿಂದ ಅವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯವರು ಈ ಕಡೆ ಬಂದಾಗ ಕೊಂಡೊಯ್ಯಬೇಕಾಗುತ್ತದೆ. ಹಾಸನದ ಪೂರ್ವ ಭಾಗದವರಿಗೆ ನಮ್ಮಷ್ಟು ತೊಂದರೆ ಇಲ್ಲ, ಚನ್ನರಾಯಪಟ್ಟಣದ ಕಡೆ ಮಳೆಗಾಲದಲ್ಲಿಯೂ ಒಳ್ಳೆಯ ಬಿಸಿಲಿನ ದಿನಗಳು ಸಿಗುತ್ತವೆ. ಎಲ್ಲಿಯೇ ಆಗಲಿ, ಬಾಡಿಯ ಮೇಲೆ ಹಾಕುವ ಮೊದಲು ಅದೇ ದಿನ ಅದೇ ಜಾಗದಲ್ಲಿ ಕಿಟ್‌ನ ಉಳಿಕೆ ಪ್ಲಾಸ್ಟಿಕ್ಕಿನ ಮೇಲೆ ಹಾಕಿ ಅರ್ಧ ಗಂಟೆ ಕಾದು ನೋಡಿ. ಆಗಲೇ ಬಿಳಿಚಿಕೊಂಡ ಬಾಡಿ ಮನೆಯಲ್ಲಿದ್ದರೆ ಅವಸರದಿಂದ ಬಣ್ಣ ಕಿತ್ತುಹಾಕಬೇಡಿ. ಒಣಹವೆಯ ದಿನ ರಿಟಾರ್ಡರ್ ಇರುವ ಥಿನ್ನರನ್ನು ಬಹಳ ತೆಳುವಾಗಿ ಸಿಂಪಡಿಸಿದರೆ ಮೇಲ್ಪದರ ಮತ್ತೆ ಕರಗಿ, ಹೆಚ್ಚಿನ ಸಂದರ್ಭಗಳಲ್ಲಿ ಬಿಳಿಚು ಹೋಗುತ್ತದೆ. ಡೆಕಾಲ್ ಹಾಳೆಗಳನ್ನು ಮಾತ್ರ ಇಂದೇ ಪೆಟ್ಟಿಗೆಯಿಂದ ತೆಗೆದು, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೇಳಿದವರಿಗೆಲ್ಲ ಅಂಗಡಿಯಲ್ಲಿ ಉಚಿತವಾಗಿ ಕೊಡುತ್ತೇವೆ.

ಅಕ್ಟೋಬರ್ ಸರದಿಗೆ ಹೆಸರು ಬರೆದುಕೊಳ್ಳುವ ಪುಸ್ತಕವನ್ನು ಜೂನ್ 1ರಂದು ತೆರೆಯುತ್ತೇವೆ. ಹೆಸರಿನ ಜೊತೆ ಕಿಟ್, ಬೇಕಾದ ಬಣ್ಣ, ಮಾಡಬೇಕಾದ ಮಾರ್ಪಾಡುಗಳ ವಿವರ ಕೊಟ್ಟರೆ ಮುಂಗಡ ಅಗತ್ಯವಿಲ್ಲ.

ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು